ಗ್ಯಾಸ್ ಗೀಸರ್ ತಾನಾಗೇ ಆಫ್ ಆಗ್ತಿದ್ಯಾ? ರಿಪೇರಿಯವನನ್ನ ಕರೆಸೋ ಮುಂಚೆ ಓದಿ

ಸ್ನಾನದ ಮಧ್ಯೆ ಗ್ಯಾಸ್ ಗೀಸರ್ ತಾನಾಗೇ ನಿಂತುಹೋಗುತ್ತಿದ್ದರೆ, "ನಿಲ್ಲದ ಹಾಗೆ ಮಾಡಿಕೊಡ್ತೀನಿ" ಅನ್ನುವವನನ್ನು ದಯವಿಟ್ಟು ಮನೆಯೊಳಗೆ ಬಿಡಬೇಡಿ. ನಮ್ಮನೆಗೆ ಬಂದವನು ಹಾಗೇ ಮಾಡಿಕೊಟ್ಟ. 2,350 ರೂಪಾಯಿ ತಗೊಂಡ. ಅದಾಗಿ ಸ್ವಲ್ಪ ದಿನಕ್ಕೆ ನಮ್ಮತ್ತೆ ಬಾತ್‌ರೂಮಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಈಗ ಹುಷಾರಾಗಿದ್ದಾರೆ, ಅದಕ್ಕೇ ಇದನ್ನು ಕೂತು ಬರೆಯೋಕಾಗುತ್ತಿದೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ನಾವಿರೋದು ಬೆಂಗಳೂರಿನ ಮತ್ತಿಕೆರೆ ಕಡೆ, ಬಾಡಿಗೆ ಮನೆ. ಓನರ್ ಹಾಕಿಸಿದ್ದ ಗೀಸರ್, ಬಾತ್‌ರೂಮಿನ ಒಳಗಡೆ ಗೋಡೆಗೇ. ಬೋರ್ ನೀರು. ಬಿಸಿನೀರು ಬರ್ತಾ ಬರ್ತಾ ಟಕ್ ಅಂತ ಉರಿ ಆರಿ ತಣ್ಣೀರು ಬರೋಕೆ ಶುರುವಾಯಿತು. ಹೊಸ ಬ್ಯಾಟರಿ ಹಾಕಿದರೂ ಅದೇ ಕತೆ. ಕಂಪನಿ ಹೆಸರು, ಜೊತೆಗೆ "ಸರ್ವಿಸ್ ಬೆಂಗಳೂರು" ಅಂತ ಹುಡುಕಿದಾಗ ಮೊದಲು ಬಂದ ನಂಬರಿಗೆ ಫೋನ್ ಮಾಡಿದೆ. ಪೇಜಿನಲ್ಲಿ ಕಂಪನಿಯದ್ದೇ ಲೋಗೋ, ಕಂಪನಿಯದ್ದೇ ಬಣ್ಣ. ಫೋನ್ ಎತ್ತಿದ ಹುಡುಗಿ ಕಂಪನಿ ಹೆಸರು ಹೇಳಿಯೇ "ಕಸ್ಟಮರ್ ಕೇರ್, ಹೇಳಿ ಮೇಡಂ" ಅಂದಳು. ಇನ್ನೇನು ಬೇಕು ನಂಬೋಕೆ? ಕಂಪನಿಗೂ ಇವರಿಗೂ ಸಂಬಂಧವೇ ಇಲ್ಲ ಅಂತ ಗೊತ್ತಾಗಿದ್ದು ಎಲ್ಲಾ ಆದಮೇಲೆ.

ಬಂದವನು ಬ್ಯಾಗ್ ಹಿಡಿದು ನೇರ ಒಳಗೆ ಹೋದ. ಕವರ್ ಬಿಚ್ಚಿ ಒಂದು ಸಲ ಇಣುಕಿ, "ಸೆನ್ಸರ್ ಹೋಗಿದೆ ಮೇಡಂ, ಬದಲಾಯಿಸಬೇಕು" ಅಂದ. ಬರ್ನರ್ ಬಿಚ್ಚಲಿಲ್ಲ. ಬ್ರಶ್ ಮುಟ್ಟಲಿಲ್ಲ. ಏನೋ ಸ್ಪ್ರೇ ಹೊಡೆದ, ಬಟ್ಟೆಯಲ್ಲಿ ಕವರ್ ಒರೆಸಿದ. "ಗಾಳಿ ಬಂದ್ರೆ ಫ್ಲೇಮ್ ಸರಿಯಾಗಿ ನೋಡೋಕಾಗಲ್ಲ" ಅಂತ ಬಾಗಿಲು ಬೇರೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಕರೆದು ನಲ್ಲಿ ತಿರುಗಿಸಿ ತೋರಿಸಿದ. ಬಿಸಿನೀರು ಸುರಿಯುತ್ತಲೇ ಇತ್ತು. "ನೋಡಿ ಮೇಡಂ, ಇನ್ಮೇಲೆ ಕಟ್ ಆಗೋ ಮಾತೇ ಇಲ್ಲ."

ಮುಂದಿನ ಕಿಂಡಿಯಲ್ಲಿ ಉರಿ ಹಳದಿ ಬಣ್ಣಕ್ಕೆ ಕಾಣುತ್ತಿತ್ತು. ಸ್ಟವ್ ಉರಿ ಹಾಗಿದ್ದರೆ ಪಾತ್ರೆ ತಳ ಮಸಿ ಹಿಡಿಯುತ್ತೆ, ಅಡುಗೆ ಮಾಡೋ ಯಾರಿಗಾದರೂ ಗೊತ್ತು. ಅದಕ್ಕೇ ಕೇಳಿದೆ, "ಉರಿ ಯಾಕೆ ಹಳದಿ ಇದೆ?" ಅವನು ಒಂಚೂರೂ ತಡವರಿಸಲಿಲ್ಲ. "ಹೊಸ ಸೆನ್ಸರ್ ಅಲ್ವಾ ಮೇಡಂ, ಸೆಟ್ ಆಗೋಕೆ ಒಂದು ವಾರ ಬೇಕು."

ಸೆಟ್ ಆಗೋಕೆ ಒಂದು ವಾರ! ಈ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಅವನಿಗೆ ಕಾಫಿ ಬೇರೆ ಮಾಡಿಕೊಟ್ಟಿದ್ದೆ.

ಆಮೇಲಿನ ದಿನಗಳಲ್ಲಿ ಅತ್ತೆ ಸ್ನಾನ ಮುಗಿಸಿ ಬಂದು ತಲೆನೋವು ಅನ್ನೋರು. ಸ್ವಲ್ಪ ಹೊತ್ತು ಜಗಲಿ ಮೇಲೆ ಕೂತರೆ ಹೋಗೋದು. ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಂಡಿದ್ದಕ್ಕೆ ಶೀತ ಆಗಿದೆ ಅಂತ ಅವರೇ ಕಷಾಯ ಕುಡಿದರು. ಒಂದು ಬೆಳಗ್ಗೆ ಒಳಗಿಂದ ಚೊಂಬು ಬಿದ್ದ ಸದ್ದು. ಕರೆದರೆ ಉತ್ತರ ಇಲ್ಲ, ನೀರು ಮಾತ್ರ ಸುರಿಯುತ್ತಿದೆ. ನನ್ನ ಗಂಡ ಚಿಲಕ ಮುರಿದು ಒಳಗೆ ನುಗ್ಗಿದರು. ಅತ್ತೆ ಗೋಡೆಗೆ ಒರಗಿ ಕುಸಿದಿದ್ದರು. ಹೊರಗೆ ಎತ್ತಿಕೊಂಡು ಬಂದು ಕಿಟಕಿ ಬಾಗಿಲೆಲ್ಲ ತೆಗೆದೆವು. ಕಣ್ಣು ಬಿಟ್ಟು ವಾಂತಿ ಮಾಡಿಕೊಂಡರು. ಏಳೋಕೆ ಕಾಲಲ್ಲಿ ಶಕ್ತಿ ಇಲ್ಲ.

ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ ನೋಡಿದರೆ ಆಕ್ಸಿಜನ್ 98! ನಾವೆಲ್ಲ ಬಿಪಿ ಇರಬೇಕು ಅಂದುಕೊಂಡೆವು. ಡ್ಯೂಟಿ ಡಾಕ್ಟರು ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಮನೇಲಿ ಗ್ಯಾಸ್ ಗೀಸರ್ ಇದ್ಯಾ?" ಕೂಡಲೇ ಆಕ್ಸಿಜನ್ ಮಾಸ್ಕ್ ಹಾಕಿ, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಕಾರ್ಬನ್ ಮಾನಾಕ್ಸೈಡ್, ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟೋ ವಿಷದ ಗಾಳಿ. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತಂತೆ. ಬೆರಳಿನ ಕ್ಲಿಪ್‌ಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಹಾಗಾಗಿ ಸಾಯೋ ಸ್ಥಿತಿಯಲ್ಲಿರುವವರಿಗೂ ಅದು ಎಲ್ಲಾ ಸರಿಯಿದೆ ಅಂತ ತೋರಿಸಬಹುದು. ಇಂಥ ಸಂದರ್ಭದಲ್ಲಿ ಡಾಕ್ಟರಿಗೆ ನೀವಾಗೇ "ಗ್ಯಾಸ್ ಗೀಸರ್ ಇದೆ" ಅಂತ ಹೇಳಿ. ತಡ ಮಾಡಬೇಡಿ, ಹೊರಗಿನ ಗಾಳಿಗೆ ಬಂದ ಮೇಲೆ ರಕ್ತದಲ್ಲಿ ಅದರ ಪ್ರಮಾಣ ಇಳಿಯುತ್ತಾ ಹೋಗುತ್ತೆ, ಆಮೇಲೆ ಪರೀಕ್ಷೆಯಲ್ಲಿ ಸರಿಯಾಗಿ ಸಿಗೋದಿಲ್ಲ.

ಈಗ ಆ ಸರ್ವಿಸ್‌ನವರ ಉತ್ತರಗಳನ್ನು ಕೇಳಿ.

ಮೊದಲು: "ಗ್ಯಾಸ್ ವಾಸನೆ ಬಂತಾ ಮೇಡಂ?" ಇಲ್ಲ ಅಂದೆ. "ಮತ್ತೆ? ವಾಸನೆ ಇಲ್ಲ ಅಂದ್ರೆ ಲೀಕ್ ಇಲ್ಲ." ಅಯ್ಯೋ ಪುಣ್ಯಾತ್ಮ, ಸಿಲಿಂಡರ್ ಗ್ಯಾಸಿಗೆ ವಾಸನೆ ಬೇಕಂತಲೇ ಸೇರಿಸಿರುತ್ತಾರೆ. ಅದು ಸರಿಯಾಗಿ ಉರಿಯದೆ ಹುಟ್ಟೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಇದೇ ಕೆಲಸ ಮಾಡಿ ಹೊಟ್ಟೆ ಹೊರೆಯೋರಿಗೆ ಇಷ್ಟೂ ಗೊತ್ತಿಲ್ವಾ?

ಆಮೇಲೆ: "ಅವರಿಗೆ ವಯಸ್ಸೆಷ್ಟು?" 67 ಅಂದೆ. "ಹಾಗಿದ್ರೆ ಬಿಪಿ ಇರ್ಬೇಕು ಬಿಡಿ."

ಆಮೇಲೆ: "ಸರ್ ಇದ್ರೆ ಫೋನ್ ಕೊಡಿ ಮೇಡಂ, ಇದು ಟೆಕ್ನಿಕಲ್ ವಿಷಯ." ದುಡ್ಡು ಕೊಡುವಾಗ ಮೇಡಂ ಸಾಕಾಗಿತ್ತು!

ರಿಪೋರ್ಟ್ ಫೋಟೋ ಕಳಿಸಿದ ಮೇಲೆ: "ಆ ಹುಡುಗ ನಮ್ಮ ಸ್ಟಾಫ್ ಅಲ್ಲ, ಈಗ ಬಿಟ್ಟುಹೋಗಿದ್ದಾನೆ." ಸ್ಟಾಫೇ ಅಲ್ಲದವನು ಬಿಟ್ಟುಹೋಗೋದು ಹೇಗೆ? ಕೊನೆಗೆ ರಾತ್ರಿ ಮೆಸೇಜ್: "ರಿವ್ಯೂ ಹಾಕ್ಬೇಡಿ, 1,000 ವಾಪಸ್ ಮಾಡ್ತೀವಿ." ಆಮೇಲೆ ಬ್ಲಾಕ್.

ಕಂಪನಿಯ ಅಸಲಿ ನಂಬರ್ ಗೀಸರ್ ಕೊಂಡಾಗ ಕೊಟ್ಟ ವಾರಂಟಿ ಪುಸ್ತಕದಲ್ಲಿತ್ತು, ಪುಸ್ತಕ ಓನರ್ ಬೀರುವಿನಲ್ಲಿತ್ತು. ಅಲ್ಲಿಂದ ಬಂದ ಮೆಕ್ಯಾನಿಕ್ ವಯಸ್ಸಾದವರು. ಮೊದಲು ರೆಗ್ಯುಲೇಟರ್ ಬಂದ್ ಮಾಡಿದರು. ಕವರ್ ಬಿಚ್ಚಿ ಟಾರ್ಚ್ ಬಿಟ್ಟವರು ಸುಮ್ಮನೆ ನನ್ನ ಕಡೆ ತಿರುಗಿ, "ಬನ್ನಿ ಅಮ್ಮ, ನೋಡಿ" ಅಂದರು.

ನೀರು ಹರಿದು ಬಿಸಿಯಾಗೋ ತಾಮ್ರದ ಕಾಯಿಲ್ ಮೇಲೆ ಗುಂಡಿಯಷ್ಟು ಚಿಕ್ಕ ಥರ್ಮೋಸ್ಟಾಟ್ ಇರುತ್ತೆ. ಎರಡು ವೈರು. ಕಾಯಿಲ್ ಮಿತಿ ಮೀರಿ ಕಾದರೆ ಅದು ಸರ್ಕ್ಯೂಟ್ ಕಡಿದು ಉರಿ ಆರಿಸುತ್ತೆ. ನಮ್ಮದರಲ್ಲಿ ಆ ಎರಡೂ ವೈರನ್ನು ಕಿತ್ತು, ಒಂದಕ್ಕೊಂದು ಹೆಣೆದು, ಕಪ್ಪು ಟೇಪ್ ಸುತ್ತಿಟ್ಟಿದ್ದ. ಥರ್ಮೋಸ್ಟಾಟ್ ಸುಮ್ನೆ ಅಲ್ಲೇ ನೇತಾಡುತ್ತಿತ್ತು. ಹೊಸ ಸೆನ್ಸರ್ ಅಂತೆ! ಹೊಸದು ಅಂತ ಇದ್ದದ್ದು ಟೇಪ್ ಒಂದೇ.

ನಿಜವಾದ ಕಾಯಿಲೆ ಬೇರೆಯೇ ಇತ್ತು. ಕಾಯಿಲ್ ಒಳಗೆ ಬೋರ್ ನೀರಿನ ಉಪ್ಪು ಕಟ್ಟಿ ನೀರು ಸರಿಯಾಗಿ ಹರಿಯುತ್ತಿರಲಿಲ್ಲ, ಅದಕ್ಕೇ ಅದು ಅತಿಯಾಗಿ ಕಾಯುತ್ತಿದ್ದದ್ದು. ಕೆಳಗೆ ಬರ್ನರ್‌ನ ಗಾಳಿ ತೂತುಗಳಲ್ಲಿ ಧೂಳು, ಜೇಡರ ಬಲೆ. ಗಾಳಿ ಸಾಲದೆ ಉರಿ ಹಳದಿಯಾಗಿ, ಮಸಿ ಎದ್ದು, ಕಾಯಿಲ್‌ನ ತೆಳು ತಗಡುಗಳ ಸಂದಿಗೆಲ್ಲ ಮೆತ್ತಿಕೊಂಡಿತ್ತು. ಸಂದಿ ಮುಚ್ಚಿದಷ್ಟೂ ಹೊಗೆ ಮೇಲೆ ಹೋಗಲ್ಲ, ಉರಿ ಇನ್ನೂ ಕೆಡುತ್ತೆ, ಮಸಿ ಇನ್ನೂ ಜಾಸ್ತಿ. ಮೆಕ್ಯಾನಿಕ್ ಬೆರಳು ಸವರಿ ತೋರಿಸಿದರು, ಬಾಣಲೆ ತಳದ ಹಾಗೆ ಕಪ್ಪು. ಆ ಥರ್ಮೋಸ್ಟಾಟ್ ಪಾಪ ಪ್ರತಿ ಸಲ ಗೀಸರ್ ನಿಲ್ಲಿಸಿ ನಮ್ಮನ್ನು ಹೊರಗೆ ಕಳಿಸುತ್ತಿತ್ತು. ಅವನು ಅದರ ಬಾಯಿ ಕಟ್ಟಿದ. ಆಮೇಲೆ ಗೀಸರ್ ನಿಲ್ಲಲಿಲ್ಲ, ವಿಷದ ಗಾಳಿಯೂ ನಿಲ್ಲಲಿಲ್ಲ. ಅತ್ತೆಗೆ ನಿಧಾನಕ್ಕೆ ಸ್ನಾನ ಮಾಡಿ ಅಭ್ಯಾಸ.

ನನ್ನ ಕೈಲಾದಷ್ಟು ಹೇಳ್ತೀನಿ. ನಂಬರನ್ನು ಗೀಸರ್ ಮೇಲಿನ ಸ್ಟಿಕರ್ ಅಥವಾ ವಾರಂಟಿ ಪುಸ್ತಕದಿಂದ ತಗೊಳ್ಳಿ, ಹುಡುಕಿದಾಗ ಮೇಲೆ ಬರೋದನ್ನಲ್ಲ. ಉರಿ ನೀಲಿ ಇರಬೇಕು. ಹಳದಿ ಕಂಡರೆ, ಕವರ್ ಮೇಲ್ಭಾಗದಲ್ಲಿ ಮಸಿ ಕಂಡರೆ, ಹೊತ್ತುವಾಗ ಧಪ್ ಅಂದರೆ, ನಲ್ಲಿ ನಿಲ್ಲಿಸಿದರೂ ಉರಿ ಆರದಿದ್ದರೆ ಅವತ್ತೇ ಬಂದ್ ಮಾಡಿ. ಸ್ನಾನ ಮಾಡಿದವರಿಗೆಲ್ಲ ತಲೆನೋವು ಬಂದು ಹೊರಗೆ ಕೂತರೆ ಹೋಗುತ್ತೆ ಅಂದರೆ ಅದು ಶೀತ ಅಲ್ಲ. ವರ್ಷಕ್ಕೊಮ್ಮೆ ಬರ್ನರ್ ಬಿಚ್ಚಿಸಿ, ಕಾಯಿಲ್ ಇಳಿಸಿ ತೊಳೆಸಿ, ಕಣ್ಣೆದುರೇ ಮಾಡಿಸಿ. ಬಾಗಿಲು ಹಾಕಿಕೊಳ್ತೀನಿ ಅಂದವನನ್ನು ಅಲ್ಲಿಂದಲೇ ವಾಪಸ್ ಕಳಿಸಿ. ಬದಲಾಯಿಸಿದೆ ಅಂದ ಪಾರ್ಟಿನ ಹಳೇದು ಕೈಗೆ ಕೊಡಲಿ. ಗ್ಯಾಸ್ ವಾಸನೆ ಬಂದರೆ ಫೋನ್ ಮಾಡೋಕೆ ಗ್ಯಾಸ್ ಲೀಕ್ ಸಹಾಯವಾಣಿ 1906 ಇದೆ, ಆದರೆ ಈ ವಿಷಕ್ಕೆ ವಾಸನೆ ಇಲ್ಲ ಅಂತ ಇನ್ನೊಂದು ಸಲ ಹೇಳ್ತೀನಿ. ಸಾಧ್ಯವಿದ್ದರೆ ಗೀಸರನ್ನೇ ಬಾತ್‌ರೂಮಿಂದ ಆಚೆ, ಗಾಳಿಯಾಡೋ ಕಡೆ ಹಾಕಿಸಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಅವರ ಬಿಲ್ ಅಂದರೆ ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ಫೋಟೋ, ಅದರಲ್ಲಿ ಜಿಎಸ್‌ಟಿ ನಂಬರೂ ಇಲ್ಲ, ವಿಳಾಸವೂ ಇಲ್ಲ. ಟೇಪ್ ಸುತ್ತಿದ ಆ ವೈರಿನ ಫೋಟೋ ಜೊತೆಗೆ ಹಾಕಿದ್ದೀನಿ. ಓನರ್ ಈಗ ಕರೆಂಟ್ ಗೀಸರ್ ಹಾಕಿಸಿ ಅರ್ಧ ದುಡ್ಡು ನೀವು ಕೊಡಿ ಅಂತಿದ್ದಾರೆ. ಅದು ಇನ್ನೊಂದು ಜಗಳ.