ಆಂಡಿ ಹುಗ್ ಡಿವಿಡಿ ಸೆಟ್: ಗೆದ್ದಿದ್ದು ಪೂರ್ತಿ ಇದೆ, ಸೋತಿದ್ದು ಅರ್ಧಂಬರ್ಧ

ನನ್ನ ತಂಗಿಯ ಗಂಡ ಯೋಕೋಹಾಮಾದಲ್ಲಿ ಕೆಲಸ ಮಾಡುತ್ತಾರೆ. ಈ ಸಲ ಊರಿಗೆ ಬರುವ ಮುಂಚೆ ಫೋನ್ ಮಾಡಿ, "ಅಕ್ಕ, ನಿಮಗೆ ಏನು ತರಲಿ?" ಅಂತ ಕೇಳಿದರು. "ಆಂಡಿ ಹುಗ್ ಫೈಟ್‌ಗಳ ಡಿವಿಡಿ ಎಲ್ಲಾದರೂ ಸಿಕ್ಕರೆ ತನ್ನಿ, ಬೇರೆ ಏನೂ ಬೇಡ" ಅಂದೆ. ಹುಗ್ ಅಂದರೆ ಕರಾಟೆಯಿಂದ ಕಿಕ್‌ಬಾಕ್ಸಿಂಗ್‌ಗೆ ಬಂದು ಹೆಸರು ಮಾಡಿದ ಫೈಟರ್. ಹಳೇ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ಹುಡುಕಿ ತಂದುಕೊಟ್ಟರು. ಎರಡು ಡಿಸ್ಕ್, ಜೊತೆಗೆ ಜಪಾನಿ ಭಾಷೆಯ ಸಣ್ಣ ಪುಸ್ತಕ. ಬೆಲೆ 1,500 ಯೆನ್. ಮೂರು ವಾರದಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕ ಇಟ್ಟಿಲ್ಲ.

ಮೊದಲೇ ಒಂದು ಮಾತು. ತರಿಸಿಕೊಳ್ಳುವವರು ಗಮನಿಸಿ. ಡಿವಿಡಿ ಯಾವ ದೇಶಗಳಲ್ಲಿ ಓಡಬೇಕು ಅಂತ ಅದಕ್ಕೆ ರೀಜನ್ ನಂಬರ್ ಹಾಕಿರುತ್ತಾರೆ. ಜಪಾನಿನ ಡಿವಿಡಿ ರೀಜನ್ 2. ನಮ್ಮ ದೇಶದ್ದು ರೀಜನ್ 5. ಇಲ್ಲಿನ ಎಷ್ಟೋ ಪ್ಲೇಯರ್‌ಗಳಲ್ಲಿ ಇದು ಓಡುವುದೇ ಇಲ್ಲ. ನಮ್ಮ ಮನೆಯದೂ ಡಿಸ್ಕ್ ಹಾಕಿದ ತಕ್ಷಣ ಹೊರಗೆ ತಳ್ಳಿತು. ಕೊನೆಗೆ ಮಗಳ ಹಳೇ ಲ್ಯಾಪ್‌ಟಾಪ್‌ನಲ್ಲಿ ರೀಜನ್ ಬದಲಾಯಿಸಿ ನೋಡಿದೆವು. ಲ್ಯಾಪ್‌ಟಾಪ್ ಡ್ರೈವ್‌ನಲ್ಲಿ ಸಾಮಾನ್ಯವಾಗಿ 5 ಸಲ ಮಾತ್ರ ಹಾಗೆ ಬದಲಾಯಿಸಬಹುದು. ಆಮೇಲೆ ಕೊನೆಯದಾಗಿ ಇಟ್ಟ ರೀಜನ್‌ಗೇ ಅದು ಅಂಟಿಕೊಂಡುಬಿಡುತ್ತದೆ. ಸಬ್‌ಟೈಟಲ್ ಇಲ್ಲ, ಕಾಮೆಂಟರಿ ಪೂರ್ತಿ ಜಪಾನಿಯಲ್ಲಿ. ಅದರಿಂದ ನನಗೇನೂ ತೊಂದರೆ ಆಗಲಿಲ್ಲ. ಕಾಲು ಎತ್ತಿದ್ದು, ಕೈ ಇಳಿದಿದ್ದು ನೋಡೋಕೆ ಭಾಷೆ ಬೇಕಾ?

ನಾನು ದಾವಣಗೆರೆಯಲ್ಲಿ 21 ವರ್ಷದಿಂದ ಕರಾಟೆ ಹೇಳಿಕೊಡುತ್ತಿದ್ದೇನೆ. ಈ ಡಿವಿಡಿ ಬೇಕು ಅನ್ನಿಸಿದ್ದು ನನ್ನ ಒಬ್ಬ ಶಿಷ್ಯನಿಗೋಸ್ಕರ. ಕಟಾ (ಒಬ್ಬನೇ ಮಾಡಿ ತೋರಿಸುವ ವರಸೆ), ಕುಮಿತೆ (ಎದುರಾಳಿ ಜೊತೆ ಕಾದಾಟ) ಎರಡರಲ್ಲೂ ಗಟ್ಟಿ ಹುಡುಗ. ಹೋದ ವರ್ಷ ಬೆಂಗಳೂರಿಗೆ ಹೋಗಿ ಮೊದಲ ಸಲ ಕಿಕ್‌ಬಾಕ್ಸಿಂಗ್ ರಿಂಗ್ ಹತ್ತಿದ. ಎದುರಿನವನು ಅವನಿಗಿಂತ ಕಡಿಮೆ ಕಲಿತವನೇ. ಆದರೂ ಮುಖಕ್ಕೆ ಸರಿಯಾಗಿ ಎರಡು ಪಂಚ್ ಬಿತ್ತು, ಇವನು ಕೂತುಬಿಟ್ಟ. ವಾಪಸ್ ಬಂದವನು ಒಂದು ತಿಂಗಳು ಕ್ಲಾಸ್ ಕಡೆ ತಲೆ ಹಾಕಲಿಲ್ಲ. "ಮೇಡಂ, ಇಷ್ಟು ವರ್ಷ ಕಲಿತಿದ್ದೆಲ್ಲ ದಂಡ ಆಯ್ತಲ್ಲ" ಅಂದ. ಆ ಮಾತು ನನಗೆ ತುಂಬಾ ನೋವು ಕೊಟ್ಟಿತು. ಅವನಿಗೆ ಸಮಾಧಾನ ಹೇಳುವ ಬದಲು ಆಂಡಿ ಹುಗ್ ತೋರಿಸಬೇಕು ಅಂತ ಆವತ್ತೇ ಅನ್ನಿಸಿತ್ತು.

ಹುಗ್ ಸ್ವಿಟ್ಜರ್ಲೆಂಡಿನವನು. 1964ರಲ್ಲಿ ಜ್ಯೂರಿಕ್‌ನಲ್ಲಿ ಹುಟ್ಟಿ, ವೋಲೆನ್ ಅನ್ನುವ ಊರಿನಲ್ಲಿ ಬೆಳೆದ. ಕಲಿತದ್ದು ಕ್ಯೋಕುಶಿನ್ ಕರಾಟೆ. ಅದರಲ್ಲಿ ಗ್ಲೌಸ್ ಇಲ್ಲ. ಎದೆ, ಹೊಟ್ಟೆಗೆ ಪೂರ್ತಿ ಬಲ ಹಾಕಿ ಗುದ್ದಬಹುದು, ತೊಡೆಗೆ ಒದೆಯಬಹುದು, ತಲೆಗೂ ಒದೆಯಬಹುದು. ಮುಖಕ್ಕೆ ಮಾತ್ರ ಕೈಯಿಂದ ಹೊಡೆಯುವ ಹಾಗಿಲ್ಲ. ವರ್ಷಗಟ್ಟಲೆ ಹೀಗೆ ಆಡಿದವನ ಮೈ ಮುಖಕ್ಕೆ ಪಂಚ್ ಬರುತ್ತದೆ ಅಂತ ಎಣಿಸುವುದೇ ಇಲ್ಲ. ಇಬ್ಬರೂ ಎದೆಗೆ ಎದೆ ಕೊಟ್ಟು ನಿಲ್ಲುತ್ತಾರೆ. ಕೈ ತಾನಾಗಿ ಕೆಳಗಿಳಿಯುತ್ತದೆ. ನನ್ನ ಹುಡುಗನಿಗೆ ಆದದ್ದೂ ಇದೇ.

ಈ ಸೆಟ್‌ನ ದೊಡ್ಡ ಕೊರತೆ ಇಲ್ಲೇ ಶುರುವಾಗುತ್ತದೆ. ಆ ಕರಾಟೆ ವರ್ಷಗಳಿಗೆ ಇಟ್ಟಿರುವುದು ನಾಲ್ಕು ಫೋಟೋ, ಮೇಲೊಂದಿಷ್ಟು ಸಂಗೀತ. ಅಷ್ಟೇ! 1987ರ ವಿಶ್ವ ಟೂರ್ನಮೆಂಟ್‌ನಲ್ಲಿ ಹುಗ್ ಫೈನಲ್‌ವರೆಗೆ ಹೋಗಿದ್ದ. ಜಪಾನಿನವನಲ್ಲದ ಒಬ್ಬ ಅಲ್ಲಿವರೆಗೆ ತಲುಪಿದ್ದು ಅದೇ ಮೊದಲು. ಅಕಿಯೋಶಿ ಮಾತ್ಸುಯಿ ಎದುರು ಸೋತ. 1991ರಲ್ಲಿ ಬ್ರೆಜಿಲಿನ ಫ್ರಾನ್ಸಿಸ್ಕೊ ಫಿಲ್ಯೊ ಒದ್ದ ಒದೆ, ನಿಲ್ಲಿಸಿ ಅನ್ನುವ ಸಂಜ್ಞೆ ಆದ ಮೇಲೆ ಹುಗ್ ತಲೆಗೆ ಬಿತ್ತು. ಹುಗ್ ಪ್ರಜ್ಞೆ ತಪ್ಪಿ ಬಿದ್ದ. ಗೆಲುವು ಫಿಲ್ಯೊಗೇ ಹೋಯಿತು. ಕರಾಟೆ ಮಂದಿ ಈ ತೀರ್ಪಿನ ಬಗ್ಗೆ ಇವತ್ತಿಗೂ ವಾದ ಮಾಡುತ್ತಾರೆ. ಮುಂದಿನ ವರ್ಷವೇ ಹುಗ್ ಕ್ಯೋಕುಶಿನ್ ಬಿಟ್ಟು ಸೇಯ್ದೋಕೈಕಾನ್ ಅನ್ನುವ ಇನ್ನೊಂದು ಕರಾಟೆ ಸಂಸ್ಥೆ ಸೇರಿದ. ಅವರ ಕರಾಟೆ ವಿಶ್ವಕಪ್ಪನ್ನೂ ಗೆದ್ದ. ಕೆ-1 ಅನ್ನುವ ಕಿಕ್‌ಬಾಕ್ಸಿಂಗ್ ಪಂದ್ಯಾವಳಿ ಶುರುಮಾಡಿದ್ದು ಇದೇ ಸೇಯ್ದೋಕೈಕಾನ್‌ನವರು. ಇದೆಲ್ಲ ಗೊತ್ತಿಲ್ಲದೆ ಡಿವಿಡಿ ನೋಡುವವರಿಗೆ ಯಾರೋ ಒಬ್ಬ ಹಠಾತ್ತಾಗಿ ಗ್ಲೌಸ್ ಹಾಕಿಕೊಂಡು ರಿಂಗಿಗೆ ಬಂದ ಹಾಗೆ ಕಾಣುತ್ತದೆ.

ಮೊದಲ ಡಿಸ್ಕ್ 1993ರ ನವೆಂಬರ್‌ನಿಂದ ಶುರು. ರ್‍ಯೂಜಿ ಮುರಾಕಾಮಿ ಎದುರು ಮೊದಲ ಗ್ಲೌಸ್ ಫೈಟ್, ಮೊದಲ ರೌಂಡ್‌ನಲ್ಲೇ ನಾಕ್‌ಔಟ್. ಆಗ ಹುಗ್‌ಗೆ 29 ವರ್ಷ. ಆ ವಯಸ್ಸಿನಲ್ಲಿ ಬಾಕ್ಸಿಂಗ್ ಅಂದರೆ ಅ ಆ ಇ ಈ ಇಂದ ಕಲಿಯಬೇಕು, ಅಲ್ವಾ? 1994ರ ಮಾರ್ಚ್‌ನಲ್ಲಿ ಬ್ರಾಂಕೊ ಸಿಕಾಟಿಚ್‌ನನ್ನು ಪಾಯಿಂಟ್‌ಗಳ ಮೇಲೆ ಸೋಲಿಸುತ್ತಾನೆ. ಸಿಕಾಟಿಚ್ ಅಂದರೆ ಹಿಂದಿನ ವರ್ಷದ ಕೆ-1 ಚಾಂಪಿಯನ್. ಈ ಫೈಟ್ ಪೂರ್ತಿ ಇದೆ, ಚಿತ್ರವೂ ಚೆನ್ನಾಗಿದೆ. ಸ್ಲೋಮೋಷನ್‌ನಲ್ಲಿ ಹುಗ್‌ನ ಎಡಗೈ ನೋಡಿ. ಒದೆಯುವಾಗಲೆಲ್ಲ ಆ ಕೈ ಸೊಂಟದ ಕಡೆ ಇಳಿಯುತ್ತದೆ. ಹಳೇ ಅಭ್ಯಾಸ.

ಆ ಕೈಗೆ ಬೆಲೆ ತೆತ್ತಿದ್ದು ಸುಮಾರು ಎರಡು ತಿಂಗಳ ನಂತರ. 1994ರ ಏಪ್ರಿಲ್ 30, ಕೆ-1ರ ದೊಡ್ಡ ಟೂರ್ನಮೆಂಟ್ ಆದ ಗ್ರ್ಯಾಂಡ್ ಪ್ರೀ ಮೊದಲ ಸುತ್ತು, ಎದುರಿಗೆ ಪ್ಯಾಟ್ರಿಕ್ ಸ್ಮಿತ್. 19 ಸೆಕೆಂಡಿನಲ್ಲಿ ಹುಗ್ ನೆಲ ಕಂಡ.

ಇಡೀ ಸೆಟ್‌ನಲ್ಲಿ ಕಲಿಯುವವರಿಗೆ ಅತಿ ಮುಖ್ಯವಾದ 19 ಸೆಕೆಂಡು ಅದು. ಈ ಡಿವಿಡಿ ಮಾಡಿದವರು ಅದನ್ನು ಕತ್ತರಿಸಿ ಎರಡು ಮೂರು ಸೆಕೆಂಡಿಗೆ ಇಳಿಸಿದ್ದಾರೆ! ಸೆಪ್ಟೆಂಬರ್‌ನಲ್ಲಿ ಅದೇ ಸ್ಮಿತ್‌ನನ್ನು ಮೊಣಕಾಲಿನಿಂದ ಹೊಡೆದು, ಒಂದು ನಿಮಿಷದೊಳಗೆ ಮಲಗಿಸಿದ ಫೈಟ್ ಮಾತ್ರ ಮೂರು ಕೋನದಿಂದ ತೋರಿಸುತ್ತಾರೆ. ಮೈಕ್ ಬರ್ನಾರ್ಡೊ 1995ರಲ್ಲಿ ಹುಗ್‌ನನ್ನು ಎರಡು ಸಲ ಸೋಲಿಸಿದ್ದೂ ಹಾಗೇ ಮಿಂಚಿ ಮಾಯ. 1997ರಲ್ಲಿ ಫಿಲ್ಯೊ ಮತ್ತೆ ಸಿಕ್ಕಾಗ, ಈ ಸಲ ಗ್ಲೌಸ್ ಹಾಕಿಕೊಂಡು, ಹುಗ್‌ನನ್ನು ಮೊದಲ ರೌಂಡ್‌ನಲ್ಲೇ ನಾಕ್‌ಔಟ್ ಮಾಡಿದ್ದು ಇಲ್ಲವೇ ಇಲ್ಲ. ಇದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಹುಗ್‌ನ ಮೇಲೆ ಅಭಿಮಾನ ಇರುವವರೇ ಮಾಡಿದ ಕೆಲಸ ಇರಬಹುದು. ಆದರೆ ಬಿದ್ದಿದ್ದನ್ನು ಬಚ್ಚಿಟ್ಟರೆ ಎದ್ದಿದ್ದು ಹೇಗೆ ಅಂತ ಮಕ್ಕಳಿಗೆ ಕಾಣುವುದೇ ಇಲ್ಲ.

ಇಷ್ಟೆಲ್ಲ ಹೇಳಿದರೂ, ಕೊಳ್ಳಬೇಕಾ ಅಂತ ಕೇಳಿದರೆ ಕೊಳ್ಳಿ ಅಂತಲೇ ಹೇಳುತ್ತೇನೆ. ಕಾರಣ ಎರಡನೇ ಡಿಸ್ಕ್‌ನ ಮೊದಲ ಭಾಗ. 1996ರ ಮೇ 6, ಯೋಕೋಹಾಮಾ ಅರೀನಾ, ಆ ವರ್ಷದ ಗ್ರ್ಯಾಂಡ್ ಪ್ರೀ. ಒಂದೇ ರಾತ್ರಿ ಮೂರು ಫೈಟ್. ಒಂದು ಸೆಕೆಂಡೂ ಕತ್ತರಿಸಿಲ್ಲ.

ಮೊದಲು ಬಾರ್ಟ್ ವೇಲ್. ಅದು ಬೇಗ ಮುಗಿಯುತ್ತದೆ. ಆಮೇಲೆ ಎರ್ನೆಸ್ಟೊ ಹೂಸ್ಟ್. ಅಬ್ಬಾ, ಈ ಫೈಟ್! ಮೂರು ರೌಂಡ್ ಆದರೂ ತೀರ್ಮಾನ ಆಗುವುದಿಲ್ಲ. ಇನ್ನೊಂದು ರೌಂಡ್, ಮತ್ತೆ ಇನ್ನೊಂದು. ಹೂಸ್ಟ್ ಒದೆ ತೊಡೆಗೆ ಬಿದ್ದಾಗ ಆಗುವ ಸದ್ದು ಕೇಳಿ ನನ್ನ ಕಾಲೇ ಜುಮ್ಮೆಂದಿತು. ಇಲ್ಲಿ ಹುಗ್‌ನ ಕೈ ನೋಡಿ. ಎರಡು ವರ್ಷದ ಹಿಂದೆ ಸೊಂಟಕ್ಕೆ ಇಳಿಯುತ್ತಿದ್ದ ಕೈ ಈಗ ಕೆನ್ನೆಗೆ ಅಂಟಿಕೊಂಡಿದೆ. ಸುಸ್ತಾಗಿ ಉಸಿರು ಸಿಗದೇ ಇದ್ದಾಗಲೂ ಇಳಿಯುವುದಿಲ್ಲ. ಅದರ ಹಿಂದೆ ಎಷ್ಟು ಸಾವಿರ ಸಲದ ಅಭ್ಯಾಸ ಇರುತ್ತದೆ ಅಂತ ಕಲಿಸುವವರಿಗೆ ಗೊತ್ತು. ನಾನು ಇದೇ ಜಾಗದಲ್ಲಿ ನಿಲ್ಲಿಸಿ, ಆ ಹುಡುಗನ ಕಡೆ ತಿರುಗಿದೆ. ಅವನು ಏನೂ ಮಾತಾಡಲಿಲ್ಲ. ಕೂತಲ್ಲೇ ತನ್ನ ಎರಡೂ ಕೈ ಕೆನ್ನೆಯ ಪಕ್ಕಕ್ಕೆ ತಂದುಕೊಂಡಿದ್ದ.

ಫೈನಲ್‌ನಲ್ಲಿ ಎದುರಿಗೆ ಬರ್ನಾರ್ಡೊ. ಅದೇ ಎರಡು ಸಲ ಸೋಲಿಸಿದ್ದ ದಕ್ಷಿಣ ಆಫ್ರಿಕಾದ ಬಾಕ್ಸರ್. ಆತ ಆರಡಿ ದಾಟಿದ ಆಳು. ಹುಗ್ 180 ಸೆಂಟಿಮೀಟರ್. ಹುಗ್ ಅವನ ತೊಡೆಗೆ ಒದ್ದು ಒದ್ದು ಮೆತ್ತಗೆ ಮಾಡುತ್ತಾನೆ. ಎರಡನೇ ರೌಂಡ್‌ನಲ್ಲಿ ಬೆನ್ನು ತಿರುಗಿಸಿ ಗಿರ್ರನೆ ಸುತ್ತಿ, ಹಿಮ್ಮಡಿಯಿಂದ ಅದೇ ತೊಡೆಗೆ ಹೊಡೆಯುತ್ತಾನೆ. ಬರ್ನಾರ್ಡೊ ಬುಡ ಕಡಿದ ಮರದ ಹಾಗೆ ಬೀಳುತ್ತಾನೆ. ಆ ಸುತ್ತು ಒದೆ ಬಾಕ್ಸಿಂಗ್ ಜಿಮ್‌ನಲ್ಲಿ ಕಲಿತದ್ದಲ್ಲ, ಪೂರಾ ಕರಾಟೆ. ಕಾಲನ್ನು ನೆಟ್ಟಗೆ ಮೇಲೆತ್ತಿ ಹಿಮ್ಮಡಿಯನ್ನು ತಲೆಯ ಮೇಲೆ ಇಳಿಸುವ ಕಾಕಾತೊ ಓತೋಶಿಯನ್ನೂ ಹುಗ್ ಕೊನೆವರೆಗೆ ಬಿಡಲಿಲ್ಲ. ಕಲಿತದ್ದು ಯಾವುದೂ ದಂಡ ಆಗಿರಲಿಲ್ಲ. ಕಾವಲು ಕಾಯೋಕೆ ಎರಡು ಕೈ ಬೇಕಿತ್ತು ಅಷ್ಟೇ. ನನ್ನ ಶಿಷ್ಯನಿಗೆ ನಾನು ಬಾಯಲ್ಲಿ ಹೇಳಲಾಗದೇ ಇದ್ದದ್ದು ಇದೇ.

ಉಳಿದದ್ದನ್ನು ಬೇಗ ಹೇಳುತ್ತೇನೆ. 1997ರ ಫೈನಲ್ ದಿನ ಮಸಾಕಿ ಸಾತಾಕೆಯನ್ನು 15 ಸೆಕೆಂಡಿನಲ್ಲಿ ಮುಗಿಸಿದ್ದು ಇದೆ. ಆವತ್ತಿನ ಫೈನಲ್‌ನಲ್ಲಿ ಹೂಸ್ಟ್ ಗೆದ್ದದ್ದು, 1998ರ ಫೈನಲ್‌ನಲ್ಲಿ ಪೀಟರ್ ಆರ್ಟ್ಸ್ ತಲೆಗೆ ಒದ್ದು ಗೆದ್ದದ್ದು ತುಣುಕು ತುಣುಕಾಗಿ ಇವೆ. 2000ದ ಜೂನ್ 3ರಂದು ಜ್ಯೂರಿಕ್‌ನ ಹಾಲೆನ್‌ಸ್ಟಾಡಿಯನ್‌ನಲ್ಲಿ, ತನ್ನ ಜನರ ಮುಂದೆ, ಮಿರ್ಕೊ ಕ್ರೋ ಕಾಪ್‌ನನ್ನು ಸೋಲಿಸಿದ್ದು ಸಾಕಷ್ಟು ಉದ್ದ ಇದೆ. ಕೊನೆಯ ಫೈಟ್ ಜುಲೈ 7, ಸೆಂಡಾಯ್ ನಗರ, ನೋಬು ಹಯಾಶಿ ಎದುರು ಮೊದಲ ರೌಂಡ್‌ನಲ್ಲೇ ಗೆಲುವು. ಅದನ್ನು ನೋಡುವಾಗ ಹುಗ್‌ಗೆ ಕಾಯಿಲೆ ಇರಬಹುದು ಅಂತ ಯಾರಿಗೂ ಅನ್ನಿಸುವುದಿಲ್ಲ. 48 ದಿನ ಆದ ಮೇಲೆ, ಆಗಸ್ಟ್ 24ರಂದು, ಟೋಕಿಯೋದ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ. ವಯಸ್ಸು 35. ಆ ಭಾಗ ಬಂದಾಗ ಕ್ಲಾಸಿನ ಚಿಕ್ಕ ಮಕ್ಕಳು "ಮೇಡಂ, ನಿಜವಾಗಲೂನಾ?" ಅಂತ ಕೇಳಿದರು. ಹೌದು ಅಂದೆ. ಆಮೇಲೆ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಯೋಕೋಹಾಮಾ ರಾತ್ರಿ ಒಂದಕ್ಕೇ ಐದು ಕೊಡಬಹುದಿತ್ತು. ಸೋಲುಗಳನ್ನು ಕತ್ತರಿಸಿದ್ದಕ್ಕೆ ಒಂದು, ಕರಾಟೆ ವರ್ಷಗಳನ್ನು ನಾಲ್ಕು ಫೋಟೋದಲ್ಲಿ ಮುಗಿಸಿದ್ದಕ್ಕೆ ಅರ್ಧ ಕಡಿಮೆ ಮಾಡಿದ್ದೇನೆ. ಜಪಾನಿನಲ್ಲಿ ಯಾರಾದರೂ ಪರಿಚಯದವರು ಇದ್ದರೆ ಹಳೇ ಅಂಗಡಿಗಳಲ್ಲೇ ಹುಡುಕಿಸಿ. ಡಿಸ್ಕ್ ಮೇಲೆ ಗೀರು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡೋಕೆ ಹೇಳಿ.

ದಾವಣಗೆರೆಯ ಕರಾಟೆ ಮಕ್ಕಳು ಯಾವ ಕ್ಲಾಸಿನವರೇ ಆಗಲಿ, ಭಾನುವಾರ ನಮ್ಮ ಕ್ಲಾಸ್ ಮುಗಿದ ಮೇಲೆ ಬಂದು ಕೂತು ನೋಡಬಹುದು. ಡಿಸ್ಕ್ ಮಾತ್ರ ಮನೆಗೆ ಕೊಟ್ಟು ಕಳಿಸುವುದಿಲ್ಲ. ಲ್ಯಾಪ್‌ಟಾಪ್ ಹಾಕಿಕೊಡುವ ಕೆಲಸ ಈಗ ಆ ಹುಡುಗನೇ ವಹಿಸಿಕೊಂಡಿದ್ದಾನೆ.