ನೊಗಾಲ್ ಬ್ಲ್ಯಾಕ್ ಗ್ರಾಮಾ ಹುಲ್ಲುಬೀಜ: ಚೀಲಕ್ಕೆ ಕೈಹಾಕುವ ಮೊದಲು ನೆಲದಲ್ಲಿ ಹಂಬು ಹುಡುಕಿ

ಬ್ಲ್ಯಾಕ್ ಗ್ರಾಮಾ ಹುಲ್ಲಿಗೆ ಐದಕ್ಕೆ ಐದು ಅಂಕ. ಅದರ ಬೀಜದ ಚೀಲಕ್ಕೆ ಐದಕ್ಕೆ ಎರಡೂವರೆ. ಒಂದೇ ಸರಕಿಗೆ ಎರಡು ಅಂಕ ಕೊಡುವುದು ವಿಚಿತ್ರ ಅನ್ನಿಸಬಹುದು. ಆದರೆ ಈ ಹುಲ್ಲು ಬದುಕುವುದು ಹಂಬಿನಿಂದ, ಅಂದರೆ ನೆಲದ ಮೇಲೆ ಚಾಚಿ ಬೇರು ಬಿಡುವ ಕಡ್ಡಿಯಿಂದ; ಮಾರಾಟವಾಗುವುದು ಬೀಜವಾಗಿ. ತಕರಾರೆಲ್ಲ ಹುಟ್ಟುವುದು ಅಲ್ಲೇ.

ನೊಗಾಲ್ ಅನ್ನುವುದು ಅಮೆರಿಕದ ನ್ಯೂ ಮೆಕ್ಸಿಕೊದ ಲಾಸ್ ಲೂನಾಸ್ ಸಸ್ಯ ಸಾಮಗ್ರಿ ಕೇಂದ್ರದಿಂದ 1971ರಲ್ಲಿ ಹೊರಬಂದ ಆಯ್ಕೆ ತಳಿ. ಬೂಟೆಲುವಾ ಎರಿಯೊಪೋಡ ಎಂಬುದು ಹುಲ್ಲಿನ ಶಾಸ್ತ್ರೀಯ ಹೆಸರು. ಎರಿಯೊಪೋಡ ಎಂದರೆ ಉಣ್ಣೆಗಾಲು. ಕಡ್ಡಿಯ ಕೆಳಭಾಗಕ್ಕೆ ಬಿಳಿ ತುಪ್ಪಳ ಇರುವುದರಿಂದ ಆ ಹೆಸರು, ಗುರುತು ಹಿಡಿಯಲೂ ಅದೇ ಸುಲಭದ ದಾರಿ. ಚಿವಾವಾ ಮರುಭೂಮಿಯ ಹುಲ್ಲುಗಾವಲುಗಳ ಮೂಲನಿವಾಸಿ ಇದು: ಪಶ್ಚಿಮ ಟೆಕ್ಸಸ್, ನ್ಯೂ ಮೆಕ್ಸಿಕೊ, ಅರಿಜೋನಾ, ಉತ್ತರ ಮೆಕ್ಸಿಕೊ. ಮರಳುಗೋಡು, ಗರಸು, ಕೆಳಗೆ ಸುಣ್ಣದ ಗಟ್ಟಿ ಪದರ ಇರುವ ನೆಲ ಇದಕ್ಕೆ ಒಗ್ಗುತ್ತದೆ. ನೀರು ನಿಲ್ಲುವ ಜಿಗುಟು ಮಣ್ಣಿನ ತಗ್ಗಿನಲ್ಲಿ ಬಿತ್ತಿದರೆ ದುಡ್ಡು ನೀರಿಗೆ ಹಾಕಿದಂತೆ. ಅಲ್ಲಿ ಟೊಬೋಸಾ ಹುಲ್ಲಿನದೇ ರಾಜ್ಯ. ಅರಿಜೋನಾ ಕಡೆಯವರಿಗೆ ಸೊನೋರಾ ಎಂಬ ಇನ್ನೊಂದು ತಳಿಯೂ ಇದೆ. ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆಗಿಂತ ನಿಮ್ಮ ನೆಲದ ಎತ್ತರಕ್ಕೂ ಚಳಿಗೂ ಯಾವುದರ ಮೂಲ ಹತ್ತಿರವೋ ಅದನ್ನು ಆರಿಸುವುದು ಒಳ್ಳೆಯದು.

ಈಗ ಚೀಲಕ್ಕೆ ಬರೋಣ. ಒಂದು ಪೌಂಡಿನಲ್ಲಿ ಸುಮಾರು 13 ಲಕ್ಷ ಬೀಜ. ಎಕರೆಗೆ 43,560 ಚದರ ಅಡಿ. ಹಾಗಾಗಿ ಎಕರೆಗೆ ಒಂದು ಪೌಂಡ್, ಅಂದರೆ ಹೆಕ್ಟೇರಿಗೆ 1.1 ಕಿಲೋ, ಜೀವಂತ ಬೀಜ ಬಿದ್ದರೆ ಚದರ ಅಡಿಗೆ 30 ಬೀಜ ಸಿಕ್ಕಂತಾಯಿತು. ಕೂರಿಗೆಯಲ್ಲಿ ಬಿತ್ತುವುದಾದರೆ ಇಷ್ಟು ಸಾಕು. ಕೈಯಲ್ಲಿ ಎರಚುವುದಾದರೆ ಇದರ ಎರಡರಷ್ಟು ಬೇಕು. ಕೇಳಲು ಅಗ್ಗದ ಬಾಬತ್ತು. ಆದರೆ ‘ಜೀವಂತ’ ಎಂಬ ಮಾತನ್ನು ಮರೆತವರು ಇಲ್ಲಿ ಮೋಸ ಹೋಗುತ್ತಾರೆ. ಬ್ಲ್ಯಾಕ್ ಗ್ರಾಮಾ ತೆನೆಯಲ್ಲಿ ಜೊಳ್ಳೇ ಹೆಚ್ಚು. ಹೂವು ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಹೊಟ್ಟಿದ್ದು ಕಾಳಿಲ್ಲದ ತೆನೆ ಬರುತ್ತದೆ. ಚೀಲ ತುಂಬುವುದೂ ಅದರಿಂದಲೇ.

ಆದ್ದರಿಂದ ಲೇಬಲ್ ಮೇಲಿನ ಎರಡು ಅಂಕಿಗಳನ್ನು ಗುಣಿಸದೆ ಹಣ ಕೊಡಬೇಡಿ. ಶುದ್ಧತೆ 40 ಪ್ರತಿಶತ, ಮೊಳಕೆ 60 ಪ್ರತಿಶತ ಎಂದಿದ್ದರೆ ಜೀವಂತ ಬೀಜ 24 ಪ್ರತಿಶತ ಮಾತ್ರ. ಒಂದು ಪೌಂಡ್ ಜೀವಂತ ಬೀಜಕ್ಕೆ ನಾಲ್ಕು ಪೌಂಡಿಗಿಂತ ತುಸು ಹೆಚ್ಚು ಸರಕು ಬೇಕು. ಇನ್ನೊಂದು ಚೀಲದಲ್ಲಿ ಶುದ್ಧತೆ 70, ಮೊಳಕೆ 50 ಎಂದಿದೆ ಅನ್ನಿ. ಅದು 35 ಪ್ರತಿಶತ. ಲೆಕ್ಕದ ಸುಲಭಕ್ಕೆ ಮೊದಲನೆಯದು ಪೌಂಡಿಗೆ 75 ಡಾಲರ್, ಎರಡನೆಯದು 100 ಡಾಲರ್ ಎಂದುಕೊಂಡರೆ, ಜೀವಂತ ಬೀಜದ ಪೌಂಡಿಗೆ ಮೊದಲನೆಯದು 312 ಡಾಲರ್, ಎರಡನೆಯದು 286 ಡಾಲರ್ ಬೀಳುತ್ತದೆ. ಅಗ್ಗವೆಂದು ಮುಗ್ಗಿದ ರಾಗಿ ತಂದ ಹಾಗೆ. ಪರೀಕ್ಷೆಯ ತಾರೀಖನ್ನೂ ನೋಡಿ. ಹಳೆಯ ತಾರೀಖಿದ್ದರೆ ಮೊಳಕೆಯ ಅಂಕಿಯನ್ನು ನಂಬುವಂತಿಲ್ಲ. ಅನುಮಾನ ಬಂದರೆ ನೂರು ಕಾಳನ್ನು ಒರಟು ಬಟ್ಟೆಯ ಮೇಲೆ ಹೊಸಕಿ, ಉಗುರಿಗೆ ಗಟ್ಟಿಯಾಗಿ ಸಿಗುವಷ್ಟನ್ನು ಎಣಿಸಿ. ಪ್ರಯೋಗಾಲಯದ ಪರೀಕ್ಷೆಗೆ ಇದು ಸಮವಲ್ಲ, ಆದರೆ ಬರೀ ಹೊಟ್ಟಿನ ಚೀಲ ಇದರಲ್ಲೇ ಬಯಲಾಗುತ್ತದೆ.

ಕಾಳಿಗೆ ನವಿರಾದ ಮುಳ್ಳುಗೂದಲು ಇರುವುದರಿಂದ ಒಂದಕ್ಕೊಂದು ಹೆಣೆದುಕೊಂಡು ಉಂಡೆಯಾಗುತ್ತದೆ. ಗೋಧಿಗೆ ಮಾಡಿದ ಪೆಟ್ಟಿಗೆಯಲ್ಲಿ ಸುರಿದರೆ ಬಾಯಿಯಲ್ಲೇ ಸೇತುವೆ ಕಟ್ಟಿ ನಿಲ್ಲುತ್ತದೆ, ಕೆಳಗೆ ಖಾಲಿ ಸಾಲು ಓಡುತ್ತಿರುತ್ತದೆ, ಟ್ರ್ಯಾಕ್ಟರ್ ಮೇಲಿದ್ದವರಿಗೆ ಗೊತ್ತೂ ಆಗುವುದಿಲ್ಲ. ಕಲಕುವ ಕಡ್ಡಿ ಇರುವ, ಹಗುರ ಬೀಜಕ್ಕೆಂದೇ ಮಾಡಿದ ಪೆಟ್ಟಿಗೆ ಬೇಕು. ಅದಿಲ್ಲದಿದ್ದರೆ ಭತ್ತದ ಹೊಟ್ಟು ಬೆರೆಸಿ ಗಾತ್ರ ಹೆಚ್ಚಿಸಿಕೊಳ್ಳಿ. ಆಳ ಕಾಲು ಇಂಚು, ಅಂದರೆ 6 ಮಿಲಿಮೀಟರ್; ಅರ್ಧ ಇಂಚು ಈ ಬೀಜಕ್ಕೆ ಗೋರಿ. ಮಣ್ಣು ಸಡಿಲವಾಗಿದ್ದರೆ ಕೂರಿಗೆಯ ಆಳ ಕೈಗೆ ಸಿಗುವುದಿಲ್ಲ. ಹಿಮ್ಮಡಿ ಅರ್ಧ ಇಂಚಿಗಿಂತ ಹೆಚ್ಚು ಇಳಿಯುವಂತಿದ್ದರೆ ಮೊದಲು ರೋಲರ್ ಎಳೆಯಿರಿ. ಬಿತ್ತನೆ ಜೂನ್ ಕೊನೆಯಿಂದ ಜುಲೈ ಮೊದಲ ವಾರದೊಳಗೆ. ಆ ಸೀಮೆಯಲ್ಲಿ ವರ್ಷದ ಮಳೆಯ ಅರ್ಧಕ್ಕಿಂತ ಹೆಚ್ಚು ಬೇಸಿಗೆಯಲ್ಲಿ, ಅಂದರೆ ಜುಲೈನಿಂದ ಸೆಪ್ಟೆಂಬರ್ ನಡುವೆ ಬೀಳುತ್ತದೆ. ವಸಂತದಲ್ಲಿ ಬಿತ್ತಿದ್ದು ಗಾಳಿಗೂ ಕಾಂಗರೂ ಇಲಿಗೂ ಹೋಗುತ್ತದೆ.

ಇಷ್ಟೆಲ್ಲ ಸರಿ ಮಾಡಿದರೂ ಸಸಿ ಸಾಯುವುದು ಏಕೆ? ಒಂದು ಮಳೆಗೆ ಮೊಳಕೆ ಬರುತ್ತದೆ, ನೂಲಿನಂಥ ಒಂದೇ ಬೇರು ಕೆಳಗಿಳಿಯುತ್ತದೆ. ಗ್ರಾಮಾ ಜಾತಿಗಳಲ್ಲಿ ಶಾಶ್ವತ ಬೇರುಗಳು ಹೊರಡುವುದು ನೆಲಮಟ್ಟಕ್ಕೆ ಅಂಟಿಕೊಂಡ ಬುಡದಿಂದ. ಮೇಲಿನ ಒಂದೆರಡು ಸೆಂಟಿಮೀಟರ್ ಮಣ್ಣು ಜುಲೈ ಬಿಸಿಲಿಗೆ ಒಂದೆರಡು ದಿನದಲ್ಲಿ ಸುಟ್ಟ ಹಂಚಾಗುತ್ತದೆ. ಬುಡ ಬೇರು ಬಿಡುವ ಹೊತ್ತಿಗೆ ಸರಿಯಾಗಿ ಇನ್ನೊಂದು ಮಳೆ ಬಂದು ಮೇಲ್ಮಣ್ಣು ಎರಡು ಮೂರು ದಿನ ಹಸಿಯಾಗಿಯೇ ಇರಬೇಕು. ಇದು ಎಲ್ಲ ವರ್ಷವೂ ಆಗುವ ಮಾತಲ್ಲ. ಬಿತ್ತಿದ ಬ್ಲ್ಯಾಕ್ ಗ್ರಾಮಾ ನೆಲೆಯೂರುವುದು ಅಪರೂಪ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಪೊದೆಗಳ ರೆಂಬೆ ಕಡಿದು ಸಾಲಿನ ಮೇಲೆ ತೆಳ್ಳಗೆ ಹರಡಿದರೆ ನೆರಳಾಗುತ್ತದೆ, ಗಾಳಿ ತಗ್ಗುತ್ತದೆ, ಹಸಿ ಒಂದು ದಿನ ಹೆಚ್ಚು ನಿಲ್ಲುತ್ತದೆ. ಮೊಲ ಹೆಚ್ಚಿರುವ ಕಡೆ ದನದ ತಂತಿಬೇಲಿಯನ್ನು ನಂಬಿ ಕೂರಬೇಡಿ. ಬೇಲಿಯ ಬುಡಕ್ಕೆ ಕೋಳಿಬಲೆ ಕಟ್ಟಿ, ಅದರ ಅಂಚನ್ನು ಮಣ್ಣಲ್ಲಿ ಹೂಳಿ.

ಬದುಕಿದ ಬುಡದ ನಿಜವಾದ ವ್ಯವಹಾರ ಹಂಬಿನದು. ಗರಿಕೆಯ ಹಾಗೆ ಕಡ್ಡಿ ಬಾಗಿ ನೆಲ ಮುಟ್ಟಿ ಗೆಣ್ಣಿನಲ್ಲಿ ಬೇರು ಬಿಡುತ್ತದೆ. ಆದರೆ ಗರಿಕೆಯ ಅವಸರ ಇದಕ್ಕಿಲ್ಲ. ಒಂದು ಬೇಸಿಗೆ ಹಂಬು ಚಾಚಲು, ಇನ್ನೊಂದು ಬೇಸಿಗೆ ಅದು ಬೇರೂರಲು. ಎರಡು ಒಳ್ಳೆಯ ಮಳೆಗಾಲ ಬೆನ್ನುಬೆನ್ನಿಗೆ ಬಂದರೆ ಮಾತ್ರ ಹುಲ್ಲು ಹರಡುತ್ತದೆ. ನ್ಯೂ ಮೆಕ್ಸಿಕೊದ ಲಾಸ್ ಕ್ರೂಸಸ್ ಬಳಿಯ ಹೊರ್ನಾಡಾ ಪ್ರಾಯೋಗಿಕ ಹುಲ್ಲುಗಾವಲಿನಿಂದ 1934ರಲ್ಲಿ ಬಂದ ಅಧ್ಯಯನ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿತ್ತು: ಹುಲ್ಲಿನ ಎತ್ತರವನ್ನು ತೀರ್ಮಾನಿಸುವುದು ಈ ಬೇಸಿಗೆಯ ಮಳೆ, ಬುಡದ ವಿಸ್ತಾರವನ್ನು ತೀರ್ಮಾನಿಸುವುದು ಹೋದ ಬೇಸಿಗೆಯ ಮಳೆ. ಈ ವರ್ಷ ಎತ್ತರ ಕಂಡು ದನ ಹೆಚ್ಚಿಸುವವರು ಎಡವುವುದು ಇಲ್ಲಿ. ಎತ್ತರ ಇದ್ದೀತು, ಬುಡ ಕುಗ್ಗಿರುತ್ತದೆ.

ಮೇವಾಗಿ ಇದರ ಗುಣಕ್ಕೆ ಎರಡು ಮಾತಿಲ್ಲ. ಬಹುಪಾಲು ಮರುಭೂಮಿ ಹುಲ್ಲುಗಳು ಚಳಿಗಾಲದಲ್ಲಿ ಒಣಗಿ ಕಸವಾದಾಗ, ಬ್ಲ್ಯಾಕ್ ಗ್ರಾಮಾ ಕಡ್ಡಿಯ ಕೆಳಭಾಗ ಹಸಿರು ಹಿಡಿದುಕೊಂಡಿರುತ್ತದೆ. ವರ್ಷವಿಡೀ ಮೇಯಿಸಬಹುದಾದ ಹುಲ್ಲು ಎಂಬ ಹೆಸರು ಬಂದದ್ದೂ, ಹುಲ್ಲು ಹಾಳಾಗಿ ಹೋದದ್ದೂ ಈ ಗುಣದಿಂದಲೇ. ಹೊರ್ನಾಡಾದ ಸುಮಾರು 58,500 ಹೆಕ್ಟೇರ್ ನೆಲದ ಹಳೆಯ ಸರ್ವೆ ದಾಖಲೆಗಳ ಪ್ರಕಾರ 1858ರಲ್ಲಿ ಅದರ 90 ಪ್ರತಿಶತಕ್ಕಿಂತ ಹೆಚ್ಚು ಭಾಗದಲ್ಲಿ ಒಳ್ಳೆಯ ಹುಲ್ಲಿತ್ತು; 1963ರ ಹೊತ್ತಿಗೆ 25 ಪ್ರತಿಶತಕ್ಕಿಂತ ಕಡಿಮೆ. ಉಳಿದ ಜಾಗವನ್ನು ಮೆಸ್ಕೀಟ್, ಕ್ರಿಯೋಸೋಟ್ ಪೊದೆಗಳು ನುಂಗಿದವು. ಮೆಸ್ಕೀಟ್ ಎಂದರೆ ನಮ್ಮ ಬಳ್ಳಾರಿ ಜಾಲಿಯ ಸೋದರ ಸಂಬಂಧಿ, ಬುದ್ಧಿಯೂ ಅದೇ: ದನ ಕಾಯಿ ತಿಂದು ಸಗಣಿಯಲ್ಲಿ ಬಿತ್ತುತ್ತ ಹೋಗುತ್ತದೆ. ಬರ ಒಂದೇ ಇಷ್ಟು ಮಾಡಲಿಲ್ಲ, ದನ ಮೇಯಿಸಿದ್ದೊಂದೇ ಮಾಡಲಿಲ್ಲ. 1951–56ರಂಥ ಬರದ ನಡುವೆಯೂ ಮೇಯಿಸುತ್ತ ಹೋದಾಗ ಬುಡಗಳು ಕೈಬಿಟ್ಟವು.

ಆದ್ದರಿಂದ ಬಳಕೆಯ ಮಿತಿ ವರ್ಷದ ಬೆಳವಣಿಗೆಯ ತೂಕದಲ್ಲಿ 30ರಿಂದ 35 ಪ್ರತಿಶತ. ಅರ್ಧ ತಿನ್ನಿಸಿ ಅರ್ಧ ಬಿಡುವ ರೂಢಿ ಈ ಹುಲ್ಲಿಗೆ ಹೆಚ್ಚಾಯಿತು. ತೂಕ ಎಂದದ್ದನ್ನು ಗಮನಿಸಿ. ಹುಲ್ಲಿನ ಭಾರ ಇರುವುದು ಬುಡದ ಕಡೆ, ಎತ್ತರದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಮೇಯದ ಹತ್ತು ಬುಡ ಕೊಯ್ದು ಒಣಗಿಸಿ ತೂಗಿ, ಮೇಯ್ದ ಹತ್ತು ಬುಡಗಳ ಜೊತೆ ಹೋಲಿಸಿ. ಅಡುಗೆಮನೆಯ ತಕ್ಕಡಿ ಸಾಕು. ಜುಲೈನಿಂದ ಸೆಪ್ಟೆಂಬರ್‌ವರೆಗೆ ದನವನ್ನು ಬೇರೆ ಕಡೆ ಹೊಡೆದು, ಹುಲ್ಲು ಮಲಗಿರುವ ಚಳಿಗಾಲದಲ್ಲಿ ಇಲ್ಲಿ ಬಿಟ್ಟರೆ ಹಂಬಿಗೆ ಪೆಟ್ಟು ಕಡಿಮೆ. ಬೇರೂರದ ಹಂಬು ಗೊರಸಿಗೆ ಸಿಕ್ಕರೆ ತುಂಡಾಗುತ್ತದೆ, ತಾಯಿಬುಡದಿಂದ ಬೇರೆಯಾದ ಮೇಲೆ ಅದಕ್ಕೆ ಗತಿಯಿಲ್ಲ. ನೀರಿನ ತೊಟ್ಟಿಯ ಸುತ್ತ ಬರೀ ನೆಲ ಕಾಣುವುದು ದನ ತಿಂದದ್ದರಿಂದ ಎಷ್ಟೋ ಅಷ್ಟೇ ತುಳಿದದ್ದರಿಂದ.

ಬೆಂಕಿಯ ವಿಷಯದಲ್ಲಿ ಮಾರಾಟಗಾರರು ‘ಹುಲ್ಲುಗಾವಲಿಗೆ ಬೆಂಕಿ ಒಳ್ಳೆಯದು’ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಯಾವ ಹುಲ್ಲಿಗೆ ಎಂದು ಕೇಳಿ. ಟೊಬೋಸಾದ ಮೊಗ್ಗುಗಳು ನೆಲದೊಳಗಿನ ಕಾಂಡದಲ್ಲಿ ಅಡಗಿರುತ್ತವೆ. ಮೇಲಿನ ಹಳೆಯ ಒರಟು ಹುಲ್ಲು ಸುಟ್ಟು ಹೋದರೆ, ಮಳೆ ಚೆನ್ನಾಗಿದ್ದ ವರ್ಷ, ದನ ಇಷ್ಟಪಡುವ ಎಳೆ ಚಿಗುರು ಬರುತ್ತದೆ. ಬ್ಲ್ಯಾಕ್ ಗ್ರಾಮಾದ ಹಂಬು ನೆಲದ ಮೇಲೆಯೇ ಇದೆ, ಬುಡದ ಮೊಗ್ಗುಗಳೂ ಮೇಲ್ಮಟ್ಟದಲ್ಲಿವೆ. ಹಂಬು ಸುಟ್ಟರೆ ಎರಡು ವರ್ಷದ ಬಂಡವಾಳ ಹೋಯಿತು. ನ್ಯೂ ಮೆಕ್ಸಿಕೊದ ಸೆವಿಲ್ಲೆಟಾ ವನ್ಯಜೀವಿಧಾಮದಲ್ಲಿ ಇದೂ ನೀಲಿ ಗ್ರಾಮಾವೂ ಒಟ್ಟಿಗೆ ಬೆಳೆಯುತ್ತವೆ. ಸುಟ್ಟ ಮೇಲೆ ಬೇಗ ಎದ್ದು ನಿಲ್ಲುವುದು ನೀಲಿ ಗ್ರಾಮಾ. ಬ್ಲ್ಯಾಕ್ ಗ್ರಾಮಾ ಮೊದಲಿನ ಹರವಿಗೆ ಮರಳಲು ವರ್ಷಗಟ್ಟಲೆ ಬೇಕು, ಬೆಂಕಿಯ ಹಿಂದೆಯೇ ಬರ ಬಂದರೆ ಇನ್ನೂ ಹೆಚ್ಚು.

ಹಾಗೆಂದು ಬೆಂಕಿಯೇ ಬೇಡ ಎನ್ನಲೂ ಆಗದು, ಏಕೆಂದರೆ ಎಳೆಯ ಪೊದೆಗಳನ್ನು ಹತೋಟಿಯಲ್ಲಿಡುವುದು ಅದೇ. ದೊಡ್ಡ ಮೆಸ್ಕೀಟ್ ಬುಡದಿಂದ ಮತ್ತೆ ಚಿಗುರುತ್ತದೆ, ಸಸಿ ಸಾಯುತ್ತದೆ. ಆದರೆ ಬೆಂಕಿ ಹಬ್ಬಲು ಎಕರೆಗೆ 500–600 ಪೌಂಡ್ ಒಣಹುಲ್ಲಾದರೂ ಬೇಕು. ಅಂದರೆ ಪೊದೆ ತುಂಬಿ ಹುಲ್ಲು ತೆಳುವಾದ ಕಡೆ ಬೆಂಕಿ ಓಡುವುದಿಲ್ಲ, ಹುಲ್ಲು ದಟ್ಟವಾಗಿ ಬೆಂಕಿಯ ಅಗತ್ಯ ಕಡಿಮೆ ಇರುವ ಕಡೆ ಚೆನ್ನಾಗಿ ಓಡುತ್ತದೆ! ಸುಡಲೇಬೇಕಾದರೆ ಒಳ್ಳೆಯ ಮಳೆಯ ಎರಡು ವರ್ಷ ಕಳೆದ ಮೇಲೆ, ಬೇಸಿಗೆ ಮಳೆ ಹೊಸ್ತಿಲಲ್ಲಿರುವಾಗ, ತೇಪೆ ತೇಪೆಯಾಗಿ ಸುಡಿ. ಪಕ್ಕದಲ್ಲಿ ಸುಡದ ಬುಡಗಳು ಉಳಿದಿದ್ದರೆ ಅಲ್ಲಿಂದ ಹಂಬು ಬರುತ್ತದೆ. ಆಮೇಲೆ ಕನಿಷ್ಠ ಎರಡು ಪೂರ್ತಿ ಬೇಸಿಗೆ ದನ ಬಿಡಬೇಡಿ. ಬೂದಿಯ ನಡುವಿನ ಚಿಗುರಿಗೆ ದನ ಓಡಿಬರುತ್ತದೆ, ಉಳಿದ ಶಕ್ತಿಯೆಲ್ಲ ಆ ಚಿಗುರಿನಲ್ಲೇ ಇರುತ್ತದೆ. ಹತ್ತಿರದಲ್ಲಿ ಲೆಹ್ಮನ್ ಲವ್‌ಗ್ರಾಸ್ ಇದ್ದರೆ ಬೆಂಕಿಕಡ್ಡಿ ಮುಟ್ಟಲೇಬೇಡಿ. ದಕ್ಷಿಣ ಆಫ್ರಿಕಾದಿಂದ 1932ರಲ್ಲಿ ಅರಿಜೋನಾಕ್ಕೆ ತಂದ ಈ ಹುಲ್ಲಿನ ಬೀಜ ಮಣ್ಣಲ್ಲಿ ಕಾದಿದ್ದು, ಸುಟ್ಟ ನೆಲದಲ್ಲಿ ಸಾವಿರಗಟ್ಟಲೆ ಮೊಳೆತು ಜಾಗ ಹಿಡಿಯುತ್ತದೆ.

ಈ ಚೀಲ ಯಾರಿಗೆ ಬೇಕು? ನೆಲದಲ್ಲಿ ನೂರು ಹೆಜ್ಜೆ ನಡೆದು, ಪ್ರತಿ ಹೆಜ್ಜೆಗೆ ಬೂಟಿನ ತುದಿಯಲ್ಲಿ ಏನಿದೆ ನೋಡಿ. ಐದಾರು ಕಡೆಯಾದರೂ ಜೀವಂತ ಬ್ಲ್ಯಾಕ್ ಗ್ರಾಮಾ ಬುಡ ಸಿಕ್ಕರೆ ಬೀಜದ ಹಣವನ್ನು ಬೇಲಿಗೆ ಹಾಕಿ, ಮೂರು ಬೇಸಿಗೆ ಬೀಳು ಬಿಡಿ. ಒಂದೂ ಸಿಗದಿದ್ದರೆ ಆಗ ಬೀಜದ ಮಾತು. ಅದರಲ್ಲೂ ಇಡೀ ಹೊಲಕ್ಕೆ ಒಂದೇ ವರ್ಷ ಸುರಿಯದೆ, ಮೂರು ಭಾಗ ಮಾಡಿ ಮೂರು ವರ್ಷ ಬಿತ್ತಿ; ಒಂದಾದರೂ ಒಳ್ಳೆಯ ಮಳೆಗೆ ಸಿಕ್ಕೀತು. ಸಣ್ಣ ಜಾಗಕ್ಕಾದರೆ ಬೀಜವನ್ನು ಮರೆತು, ಟ್ರೇಯಲ್ಲಿ ಬೆಳೆಸಿದ ಸಸಿಗಳನ್ನು ಜುಲೈ ಮಳೆಗೆ ಎರಡಡಿ ಅಂತರದಲ್ಲಿ ನೆಡಿ, ಹಂಬು ಚಾಚುವ ದಿಕ್ಕಿನಲ್ಲಿ ಮಣ್ಣನ್ನು ಒಂದಿಷ್ಟು ಗೀರಿಬಿಡಿ. ಸಾಲಿನಿಂದ ಸಾಲಿಗೆ ಹಂಬು ಮುಟ್ಟುವವರೆಗೆ ಬೇಲಿ ತೆಗೆಯಬೇಡಿ.