ಕಾಲಿನ್ಸ್ ಲೈನ್: ವೇಗ, ಸೌಕರ್ಯ ಎರಡೂ ಇದ್ದವು, ಸಾಕಷ್ಟು ರಕ್ಷಣಾ ದೋಣಿಗಳಿರಲಿಲ್ಲ

ನ್ಯೂಯಾರ್ಕ್–ಲಿವರ್‌ಪೂಲ್ ನಡುವೆ 1850ರಿಂದ 1858ರವರೆಗೆ ಓಡಿದ ಈ ಹಬೆಹಡಗು ಸೇವೆಯಲ್ಲಿ ಸೌಕರ್ಯಕ್ಕೆ ಕೊರತೆಯಿರಲಿಲ್ಲ: ಹಬೆಯಿಂದ ಬೆಚ್ಚಗಿಟ್ಟ ಕೋಣೆಗಳು, ಕ್ಷೌರದಂಗಡಿ, ಮಂಜುಗಡ್ಡೆಯ ದಾಸ್ತಾನು. 1851ರಲ್ಲೇ ಇದರ ‘ಬಾಲ್ಟಿಕ್’ ಹಡಗು 10 ದಿನದೊಳಗೆ ಅಟ್ಲಾಂಟಿಕ್ ದಾಟಿತು.

ಆದರೆ ಆ ಬಲದ ಎಂಜಿನ್ನಿಗೆ ಮರದ ಒಡಲು ತಕ್ಕದ್ದಲ್ಲ. ಪೂರ್ತಿ ವೇಗದಲ್ಲಿ ಓಡಿಸಿದಷ್ಟೂ ಜೋಡಣೆಗಳು ಸಡಿಲವಾಗಿ, ಬಂದರು ಮುಟ್ಟಿದೊಡನೆ ರಿಪೇರಿ. ಕಲ್ಲಿದ್ದಲಿನ ಖರ್ಚೂ ವಿಪರೀತ. ಅಂಚೆ ಸಾಗಣೆಗೆ ವರ್ಷಕ್ಕೆ 8,58,000 ಡಾಲರ್ ಸರ್ಕಾರಿ ನೆರವು ಬಂದರೂ ಸಾಲಲಿಲ್ಲ.

ಕ್ಷಮಿಸಲಾಗದ್ದು 1854ರ ಸೆಪ್ಟೆಂಬರ್. ದಟ್ಟ ಮಂಜಿನಲ್ಲೂ ವೇಗ ತಗ್ಗಿಸದ ಇದೇ ಸೇವೆಯ ‘ಆರ್ಕ್ಟಿಕ್’, ‘ವೆಸ್ಟಾ’ ಎಂಬ ಬೇರೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಸುಮಾರು 400 ಜನರಿಗೆ ಇದ್ದದ್ದು 6 ದೋಣಿ. ಅವುಗಳಲ್ಲೂ ಬದುಕಿದವರು ಹೆಚ್ಚಾಗಿ ಸಿಬ್ಬಂದಿಯೇ. ಹೆಂಗಸರು, ಮಕ್ಕಳು ಒಬ್ಬರೂ ಉಳಿಯಲಿಲ್ಲ. 1856ರಲ್ಲಿ ಇದರ ಇನ್ನೊಂದು ಹಡಗು ‘ಪೆಸಿಫಿಕ್’ ಕಾಣೆಯಾಯಿತು. ನೆರವು ಕಡಿತವಾದ ಮೇಲೆ ಸೇವೆಯೇ ನಿಂತಿತು.